ಹತ್ತನೆಯವರು ಬರುವ ತನಕ

'ಹತ್ತು ಸಮಸ್ತರು' ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಸತ್ತಿಲ್ಲ. ಅಣ್ಣತಮ್ಮಂದಿರು ಬೇರೆಯಾಗಬೇಕಾದರೂ, ದೇವರ ಉತ್ಸವದ ದಿನ ಗೊತ್ತು ಮಾಡಬೇಕಾದರೂ ಹತ್ತು ಸಮಸ್ತರು ಕೂಡಬೇಕು. ಅಲ್ಲಿ ಹತ್ತೆಂದರೆ ಎಣಿಸಿ ಹತ್ತಲ್ಲ, ಊರೇ ಎಂದು ಅರ್ಥ. ಮನೆಯೊಳಗೆ ಆಡಿದ್ದು ಮನೆಯ ಮಾತು, ಹತ್ತು ಜನರ ಮುಂದೆ ಆಡಿದ್ದು ಲೋಕದ ಮಾತು ಎಂಬ ತಿಳಿವಳಿಕೆ ಆ ನುಡಿಗಟ್ಟಿನಲ್ಲಿ ಅಡಗಿದೆ. ಆದರೆ ಈ ಹತ್ತನ್ನು ಅಕ್ಷರಶಃ ಎಣಿಸಿ, ಒಂಬತ್ತಾದರೆ ಸಾಲದು ಎಂದು ಕಟ್ಟಳೆ ಮಾಡಿಕೊಂಡ ಜನರೂ ಇದ್ದಾರೆ. ಅವರು ಯೆಹೂದಿಗಳು. ಸಂಬಳದ ಗುರುವಿಲ್ಲದೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ತಮ್ಮ ಪ್ರಾರ್ಥನಾ ಸಭೆಯನ್ನು ತಾವೇ ನಡೆಸಿಕೊಂಡು ಬರುತ್ತಿರುವ ಕೆಲವು ಯೆಹೂದಿ ಕೂಟಗಳ ವಿಚಾರವನ್ನು ಈ ತಿಂಗಳು ವಾಚಕರ ಮುಂದಿಡಲು ಬಯಸುತ್ತೇವೆ.

ಯೆಹೂದಿಯೊಬ್ಬನು ಒಂಟಿಯಾಗಿಯೂ ದೇವರನ್ನು ಪ್ರಾರ್ಥಿಸಬಹುದು. ದಿನಕ್ಕೆ ಮೂರು ಹೊತ್ತು ಪ್ರಾರ್ಥಿಸಬೇಕೆಂಬುದು ಅವರ ಶಾಸ್ತ್ರದ ವಿಧಿ. ಆದರೆ ಪ್ರಾರ್ಥನೆಯ ಕೆಲವು ಭಾಗಗಳನ್ನು ಒಬ್ಬರೇ ಹೇಳುವಂತಿಲ್ಲ. ದೇವರ ಪಾವಿತ್ರ್ಯವನ್ನು ಬಹಿರಂಗವಾಗಿ ಸಾರುವ ನುಡಿಗಳಿಗೆ, ಸಬ್ಬತ್ತಿನ ದಿನ ಧರ್ಮಗ್ರಂಥವಾದ ತೋರಾವನ್ನು ವಿಧಿಪೂರ್ವಕವಾಗಿ ಓದುವುದಕ್ಕೆ, ಸತ್ತವರ ಹೆಸರಿನಲ್ಲಿ ಮಕ್ಕಳು ಹೇಳುವ ಕದ್ದೀಶ್ ಎಂಬ ಸ್ತುತಿಗೆ ಪ್ರಾಯಕ್ಕೆ ಬಂದ ಹತ್ತು ಜನ ಕೂಡಲೇಬೇಕು. ಈ ಹತ್ತರ ಕೂಟಕ್ಕೆ ಹೀಬ್ರೂ ಭಾಷೆಯಲ್ಲಿ ಮಿನ್ಯಾನ್ ಎಂದು ಹೆಸರು. ಎಣಿಕೆ ಎಂಬುದೇ ಆ ಪದದ ಅರ್ಥ. ಪರಂಪರೆಯಲ್ಲಿ ಹದಿಮೂರು ತುಂಬಿದ ಗಂಡಸರನ್ನು ಮಾತ್ರ ಈ ಲೆಕ್ಕಕ್ಕೆ ಹಿಡಿಯುತ್ತಿದ್ದರು.

ಈ ಹತ್ತು ಎಲ್ಲಿಂದ ಬಂತು ಎಂಬುದಕ್ಕೆ ಅವರ ಪಂಡಿತರು ಕೊಡುವ ಕಾರಣ ಸ್ವಾರಸ್ಯವಾಗಿದೆ. ಮೋಶೆಯು ಕಾನಾನ್ ದೇಶವನ್ನು ನೋಡಿ ಬರಲು ಹನ್ನೆರಡು ಮಂದಿಯನ್ನು ಕಳುಹಿಸಿದನಷ್ಟೆ. ಅವರಲ್ಲಿ ಇಬ್ಬರು ಧೈರ್ಯದ ಮಾತನಾಡಿದರು, ಉಳಿದ ಹತ್ತು ಜನ ಹೆದರಿ ಗೊಣಗಿದರು. ಆ ಹತ್ತು ಗೊಣಗರನ್ನೇ ಗ್ರಂಥವು 'ಸಭೆ' ಎಂದು ಕರೆದಿದೆ, ಆದ್ದರಿಂದ ಸಭೆಯೆಂದರೆ ಹತ್ತು ಎಂದು ಪಂಡಿತರು ನಿರ್ಣಯಿಸಿದರು. ಸಭೆ ಕೂಡುವುದಕ್ಕೆ ಸಜ್ಜನರೇ ಆಗಬೇಕಿಲ್ಲ, ಹತ್ತು ಮನುಷ್ಯರಾದರೆ ಸಾಕು ಎಂಬ ಧ್ವನಿ ಇದರಲ್ಲಿದೆಯೆಂದು ನಮಗೆ ತೋರುತ್ತದೆ. ಒಂಬತ್ತು ಮಂದಿ ರಬ್ಬಿಗಳು ಸೇರಿದರೂ ಮಿನ್ಯಾನ್ ಆಗದು, ಹತ್ತು ಮಂದಿ ಚಮ್ಮಾರರು ಸೇರಿದರೆ ಆಗುತ್ತದೆ ಎಂಬ ಗಾದೆಯೂ ಅವರಲ್ಲಿ ಉಂಟು.

ಇನ್ನೊಂದು ರೂಢಿಯನ್ನು ಕೇಳಿದರೆ ನಮ್ಮ ರೈತ ಕುಟುಂಬಗಳಿಗೆ ಕಣದ ನೆನಪಾದೀತು. ರಾಶಿ ಅಳೆಯುವಾಗ ನಮ್ಮವರು ಮೊದಲ ಅಳತೆಯನ್ನು ಒಂದು ಎನ್ನದೆ 'ಲಾಭ' ಎನ್ನುತ್ತಾರೆ. ಯೆಹೂದಿಗಳೂ ಮನುಷ್ಯರನ್ನು ಒಂದು, ಎರಡು, ಮೂರು ಎಂದು ಎಣಿಸುವುದಿಲ್ಲ. ಹತ್ತು ಪದಗಳಿರುವ ಒಂದು ಕೀರ್ತನೆಯ ಸಾಲನ್ನು ತೆಗೆದುಕೊಂಡು, ತಲೆಗೊಂದು ಪದದಂತೆ ಹೇಳುತ್ತ ಹೋಗುತ್ತಾರೆ. ಸಾಲು ಪೂರ್ತಿಯಾದರೆ ಸಭೆಯೂ ಪೂರ್ತಿಯಾದಂತೆ. ಒಬ್ಬರು ಕಡಿಮೆಯಾದರೆ ಸಾಲು ಅರ್ಧಕ್ಕೇ ನಿಲ್ಲುತ್ತದೆ.

ರಬ್ಬಿ ಎಂದರೆ ಪೂಜಾರಿ ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಅದು ಸರಿಯಲ್ಲ. ಕ್ರಿ. ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ನಾಶ ಮಾಡಿದ ಮೇಲೆ ಯೆಹೂದಿಗಳ ಬಲಿಪೂಜೆ ನಿಂತಿತು. ಪೂಜೆಯ ಸ್ಥಾನದಲ್ಲಿ ಪ್ರಾರ್ಥನೆಯೂ ಅಧ್ಯಯನವೂ ಬಂದವು. ರಬ್ಬಿ ಎಂದರೆ ಶಾಸ್ತ್ರ ಬಲ್ಲ ಬೋಧಕ, ಧರ್ಮಸೂಕ್ಷ್ಮ ಹೇಳುವವನು. ಅವನಿಲ್ಲದೆಯೂ ಪ್ರಾರ್ಥನೆ ನಡೆಯುತ್ತದೆ. ಹೀಬ್ರೂ ಓದಬಲ್ಲ, ರಾಗ ಬಲ್ಲ ಯಾವ ಗೃಹಸ್ಥನಾದರೂ ಮುಂದೆ ನಿಂತು ಸಭೆಯ ಪರವಾಗಿ ಪ್ರಾರ್ಥಿಸಬಹುದು. ಹಾಗೆ ನಿಂತವನಿಗೆ 'ಸಭೆಯ ದೂತ' ಎಂದು ಹೆಸರು.

ಇದಕ್ಕೆ ದೂರದ ದೃಷ್ಟಾಂತ ಬೇಕಾಗಿಲ್ಲ. ನಮ್ಮ ಕಾಸರಗೋಡಿನ ವಾಚಕರು ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗನ್ನು ಬಲ್ಲರು. ಸೊಲ್ಲಾಪುರದ ಕಡೆಯವರು ಕೊಂಕಣದ ಬೆನೆ ಇಸ್ರೇಲರನ್ನು ಕೇಳಿ ಬಲ್ಲರು. ಎಣ್ಣೆಯ ಗಾಣ ನಡೆಸುತ್ತ, ಸಬ್ಬತ್ತಿನ ದಿನ ಗಾಣ ನಿಲ್ಲಿಸುತ್ತಿದ್ದುದರಿಂದ 'ಶನಿವಾರ ತೇಲಿ'ಗಳೆಂದು ಹೆಸರಾದ, ಮರಾಠಿ ಮನೆಮಾತಿನ ಜನ ಅವರು. ಕೊಚ್ಚಿಯಲ್ಲಿ ಓದು ಬಲ್ಲ ಹಿರಿಯರೇ ಪ್ರಾರ್ಥನೆಯನ್ನು ನಡೆಸಿಕೊಂಡು ಬಂದರು. 1950ರ ದಶಕದಲ್ಲಿ ಅಲ್ಲಿನ ಬಹುಪಾಲು ಕುಟುಂಬಗಳು ಇಸ್ರೇಲಿಗೆ ಹೊರಟುಹೋದ ಮೇಲೆ ಹಲವು ಸಿನಗಾಗುಗಳ ಬಾಗಿಲು ಮುಚ್ಚಿತು. ಪರದೇಶಿ ಸಿನಗಾಗಿನಲ್ಲಿಯೂ ಒಂದು ಕಾಲಕ್ಕೆ ಹತ್ತು ಗಂಡಸರು ಸಿಗದೆ, ಊರಿಗೆ ಬಂದ ಯೆಹೂದಿ ಪ್ರವಾಸಿಗರನ್ನು ಸೇರಿಸಿಕೊಂಡು ಲೆಕ್ಕ ತುಂಬಿಸಬೇಕಾಯಿತು. ಅದೇ ಮನೆಗಳಲ್ಲಿ ಮಲಯಾಳದ ಭಕ್ತಿಗೀತೆಗಳನ್ನು ಕೈಬರಹದ ಪುಸ್ತಕಗಳಲ್ಲಿ ಕಾಪಾಡಿಕೊಂಡು ಬಂದ ಹೆಂಗಸರಿದ್ದರು. ಆದರೆ ಅವರು ಎಣಿಕೆಗೆ ಬರುತ್ತಿರಲಿಲ್ಲ. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು, ಮುಂದೆ ಅದಕ್ಕೇ ಬರುತ್ತೇವೆ.

ಅಮೆರಿಕದಲ್ಲಿ ಕಾಲಕ್ರಮೇಣ ಬೇರೊಂದು ರೀತಿ ಬೆಳೆಯಿತು. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿನ ಯೆಹೂದಿ ಕುಟುಂಬಗಳು ನಗರದ ಹೊರವಲಯಗಳಿಗೆ ಹೋಗಿ ನೆಲೆಸಿದವು, ಭವ್ಯವಾದ ಸಿನಗಾಗುಗಳು ಎದ್ದವು. ಸಂಬಳದ ರಬ್ಬಿ ವೇದಿಕೆಯ ಮೇಲೆ ನಿಂತು ಉಪನ್ಯಾಸ ಮಾಡುವರು, ಸಂಬಳದ ಗಾಯಕರು ಹಾಡುವರು, ಸದಸ್ಯರು ವರ್ಷದ ವಂತಿಗೆ ಕೊಟ್ಟು ಮೆತ್ತನೆಯ ಆಸನದಲ್ಲಿ ಕುಳಿತು ಕೇಳುವರು. ಪ್ರಾರ್ಥನೆಯು ಎಲ್ಲರೂ ಸೇರಿ ಮಾಡುವ ಕೆಲಸವಾಗಿದ್ದುದು ನೋಡಿ ಬರುವ ಕಾರ್ಯಕ್ರಮವಾಯಿತು. ಎಲ್ಲ ಕಡೆಯೂ ಹೀಗಾಯಿತೆಂದು ಹೇಳಲಾಗದು, ಆದರೆ ಅನೇಕ ಕಡೆ ಆಯಿತು. ಇದರಿಂದ ಬೇಸತ್ತವರು ಆ ಕುಟುಂಬಗಳ ಓದಿದ ಮಕ್ಕಳೇ.

1968ರಲ್ಲಿ, ವಿಯೆಟ್ನಾಂ ಯುದ್ಧದ ಕಾವು ಏರಿದ್ದ ಕಾಲದಲ್ಲಿ, ಬಾಸ್ಟನ್ ನಗರದ ಮಗ್ಗುಲಲ್ಲಿ ಆರ್ಥರ್ ಗ್ರೀನ್ ಎಂಬ ತರುಣ ರಬ್ಬಿಯೂ ಅವರ ಸಂಗಡಿಗರೂ ಸೇರಿ ಹವುರಾತ್ ಶಾಲೋಮ್ ಎಂಬ ಕೂಟವನ್ನು ಕಟ್ಟಿದರು. ಹವೇರ್ ಎಂದರೆ ಗೆಳೆಯ, ಹವುರಾ ಎಂದರೆ ಗೆಳೆಯರ ಬಳಗ. ಧರ್ಮವಿದ್ಯೆ ಕಲಿಸುವ ಶಾಲೆಯಾಗಿ ಆರಂಭವಾದ ಇದು ಬೇಗನೆ ಪ್ರಾರ್ಥನೆಯ ಬಳಗವಾಗಿ ಬೆಳೆಯಿತು. ಸಾಮರ್‌ವಿಲ್ ಎಂಬ ಊರಿನ ಒಂದು ಮನೆಯೇ ಇವರ ಮಂದಿರ. ವೇದಿಕೆಯಿಲ್ಲ, ಸಾಲು ಬೆಂಚುಗಳಿಲ್ಲ. ನೆಲದ ಮೇಲೆ ದಿಂಬು ಹಾಕಿ ವೃತ್ತಾಕಾರವಾಗಿ ಕುಳಿತರು. ಮುಂದಿನ ವರ್ಷ ನ್ಯೂಯಾರ್ಕಿನಲ್ಲಿ, 1971ರಲ್ಲಿ ವಾಷಿಂಗ್ಟನ್ನಿನಲ್ಲಿ ಇಂಥವೇ ಕೂಟಗಳು ಹುಟ್ಟಿದವು. ಈ ಬಳಗದವರೇ ಕೆಲವರು 1973ರಲ್ಲಿ 'ದಿ ಜ್ಯೂಯಿಷ್ ಕ್ಯಾಟಲಾಗ್' ಎಂಬ ಗ್ರಂಥವನ್ನು ಹೊರತಂದರು. ಸಬ್ಬತ್ತಿನ ರೊಟ್ಟಿ ಹೆಣೆಯುವುದರಿಂದ ಹಿಡಿದು ಹಬ್ಬ ಆಚರಿಸುವವರೆಗೆ, ಮತ್ತೊಬ್ಬರಿಂದ ಮಾಡಿಸದೆ ನೀವೇ ಮಾಡಿರಿ ಎಂದು ಕಲಿಸುವ ಕೈಪಿಡಿ ಅದು.

ಒಂದು ತಲೆಮಾರು ಕಳೆದ ಮೇಲೆ ಇದೇ ಹಂಬಲ ಮತ್ತೊಂದು ರೂಪದಲ್ಲಿ ಚಿಗುರಿತು. 2001ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿನಲ್ಲಿ ಈಲೈ ಕೌನ್‌ಫರ್, ಈಥನ್ ಟಕ್ಕರ್, ಮಾರಾ ಬೆಂಜಮಿನ್ ಎಂಬ ಮೂವರು ಗೆಳೆಯರು ಒಂದು ಬಿಡಾರದಲ್ಲಿ ಪ್ರಾರ್ಥನೆಗೆ ಕರೆ ಕೊಟ್ಟರು. ಅದು ಕೆಹಿಲಾತ್ ಹದಾರ್ ಎಂಬ ಸಭೆಯಾಯಿತು. ಹಿಂದಿನವರು ಪ್ರಾರ್ಥನೆಯ ಪಾಠವನ್ನು ಕಾಲಕ್ಕೆ ತಕ್ಕಂತೆ ತಿದ್ದಿಕೊಳ್ಳಲು ಹಿಂಜರಿದಿರಲಿಲ್ಲ. ಇವರಾದರೋ ಹೀಬ್ರೂವಿನ ಪೂರ್ಣ ಸಾಂಪ್ರದಾಯಿಕ ಪಾಠವನ್ನೇ ಹಿಡಿದರು, ಆದರೆ ಅದರ ಪ್ರತಿಯೊಂದು ಕೆಲಸವನ್ನೂ ಹೆಂಗಸರಿಗೂ ಗಂಡಸರಿಗೂ ಸಮನಾಗಿ ಹಂಚಿದರು. ಅಲ್ಲಿಂದೀಚೆಗೆ ಅಮೆರಿಕದ ಹಲವು ನಗರಗಳಲ್ಲಿ ಇಂಥ ಸ್ವತಂತ್ರ ಮಿನ್ಯಾನ್‌ಗಳು ಹುಟ್ಟಿಕೊಂಡವು. ಕೆಲವು ಉಳಿದವು, ಕೆಲವು ಕರಗಿಹೋದವು.

ಗುರುವಿಲ್ಲ, ಗುಮಾಸ್ತನಿಲ್ಲ, ಕಸ ಗುಡಿಸುವ ಆಳೂ ಇಲ್ಲ ಎಂದಾಗ ಒಂದು ಸಬ್ಬತ್ತಿಗೆ ಎಷ್ಟು ಕೈಗಳು ಬೇಕೆಂಬುದನ್ನು ನಮ್ಮ ಗೃಹಿಣಿಯರು ಊಹಿಸಬಲ್ಲರು. ಸಬ್ಬತ್ ಶುಕ್ರವಾರ ಹೊತ್ತು ಮುಳುಗುವಾಗ ಆರಂಭವಾಗಿ ಶನಿವಾರ ಕತ್ತಲಾಗುವ ತನಕ ಇರುತ್ತದೆ. ಆ ಅವಧಿಯಲ್ಲಿ ನೇಮಸ್ಥರು ಒಲೆ ಹೊತ್ತಿಸುವಂತಿಲ್ಲ, ಬರೆಯುವಂತಿಲ್ಲ, ಹಣ ಮುಟ್ಟುವಂತಿಲ್ಲ. ಆದ್ದರಿಂದ ಮಾಡಬೇಕಾದುದನ್ನೆಲ್ಲ ಶುಕ್ರವಾರದೊಳಗೆ ಮಾಡಿ ಮುಗಿಸಬೇಕು. ಇಂಥ ಸಭೆಗಳಿಗೆ ಸ್ವಂತ ಕಟ್ಟಡವಿರುವುದು ಅಪರೂಪ. ಶಾಲೆಯ ಕೊಠಡಿಯನ್ನೋ ಚರ್ಚಿನ ನೆಲಮಾಳಿಗೆಯನ್ನೋ ಬಾಡಿಗೆಗೆ ಹಿಡಿದಿರುತ್ತಾರೆ. ಒಬ್ಬರು ಬೀಗದ ಕೈ ತರಬೇಕು. ಇಬ್ಬರು ಮೂವರು ಕುರ್ಚಿಗಳನ್ನು ಹಾಕಬೇಕು. ಪೆಟ್ಟಿಗೆಯಿಂದ ಪ್ರಾರ್ಥನಾ ಪುಸ್ತಕಗಳನ್ನು ತೆಗೆದು ಜೋಡಿಸಬೇಕು. ಬಾಗಿಲಲ್ಲಿ ನಿಂತು ಹೊಸಬರನ್ನು ಮಾತನಾಡಿಸುವುದಕ್ಕೂ ಒಬ್ಬರು ಗೊತ್ತಾಗಿರಬೇಕು.

ಇವರಲ್ಲಿ ಗಬ್ಬಾಯ್ ಎಂಬ ಹೊಣೆಗಾರರೊಬ್ಬರು ಇರುತ್ತಾರೆ. ನಮ್ಮ ಮದುವೆ ಮನೆಯಲ್ಲಿ ಯಾರಿಗೆ ಯಾವ ಕೆಲಸ ಎಂದು ನೋಡಿಕೊಂಡು ಓಡಾಡುವ ಸೋದರಮಾವನ ಪಾತ್ರ ಅದು. ಮುಂದೆ ನಿಂತು ಪ್ರಾರ್ಥಿಸುವವರು ಯಾರು, ತೋರಾ ಓದುವವರು ಯಾರು, ಆಶೀರ್ವಚನಕ್ಕೆ ಯಾರನ್ನು ಕರೆಯಬೇಕು ಎಂಬುದನ್ನೆಲ್ಲ ವಾರಗಳ ಮೊದಲೇ ಗಬ್ಬಾಯ್ ಗೊತ್ತು ಮಾಡಬೇಕು. ಶನಿವಾರ ಬೆಳಿಗ್ಗೆ ಕನಿಷ್ಠ ಏಳು ಮಂದಿಯನ್ನು ಒಬ್ಬರಾದ ಮೇಲೊಬ್ಬರಂತೆ ತೋರಾದ ಬಳಿಗೆ ಕರೆಯುವ ವಿಧಿಯಿದೆ. ಬರೆಯುವಂತಿಲ್ಲವಾದ್ದರಿಂದ ಮೊದಲೇ ಸಿದ್ಧಪಡಿಸಿದ ಚೀಟಿಗಳನ್ನು ಆ ಏಳು ಮಂದಿಯ ಕೈಗೆ ಕೊಡುವ ರೂಢಿ ಅನೇಕ ಕಡೆ ಉಂಟು. ವಾಡಿಕೆಯಂತೆ ಅವರನ್ನು ಹೆಸರು ಹಿಡಿದು, ತಂದೆಯ ಹೆಸರಿನೊಡನೆ ಕರೆಯುತ್ತಾರೆ. ಸಮಾನತೆಯನ್ನು ಒಪ್ಪಿದ ಈ ಸಭೆಗಳಲ್ಲಿ ತಾಯಿಯ ಹೆಸರನ್ನೂ ಸೇರಿಸಿ ಕರೆಯುತ್ತಾರೆ.

ತೋರಾ ಓದುವುದಂತೂ ಸುಲಭದ ಕೆಲಸವಲ್ಲ. ಚರ್ಮದ ಹಾಳೆಗಳನ್ನು ಹೊಲಿದು ಮಾಡಿದ ದೊಡ್ಡ ಸುರುಳಿ ಅದು, ಲಿಪಿಕಾರನೊಬ್ಬನು ಕೈಯಿಂದ ಬರೆದದ್ದು. ಅದರಲ್ಲಿ ವ್ಯಂಜನಗಳು ಮಾತ್ರ ಇರುತ್ತವೆ. ಸ್ವರಚಿಹ್ನೆಗಳಿಲ್ಲ, ವಾಕ್ಯ ಮುಗಿಯಿತೆಂಬ ಗುರುತಿಲ್ಲ, ರಾಗದ ಸೂಚನೆಯಿಲ್ಲ. ಕಾಗುಣಿತವನ್ನೆಲ್ಲ ಅಳಿಸಿದ ಕನ್ನಡ ಪುಟವೊಂದನ್ನು ತಪ್ಪಿಲ್ಲದೆ, ಅದೂ ಗೊತ್ತಾದ ಧಾಟಿಯಲ್ಲಿ ಹಾಡಬೇಕೆಂದರೆ ಹೇಗಿದ್ದೀತು? ಅದಕ್ಕಾಗಿ ಎರಡು ಅಂಕಣಗಳ ಒಂದು ಪುಸ್ತಕವಿದೆ. ಒಂದು ಕಡೆ ಚಿಹ್ನೆಗಳ ಸಮೇತ ಪಾಠ, ಇನ್ನೊಂದು ಕಡೆ ಸುರುಳಿಯಲ್ಲಿರುವಂತೆ ಬರಿಯ ಅಕ್ಷರ. ಒಂದನ್ನು ನೋಡಿ ಕಲಿತು, ಮತ್ತೊಂದರಲ್ಲಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ಹಗಲು ಕಚೇರಿಯಲ್ಲಿ ದುಡಿದು, ರಾತ್ರಿ ಹೀಗೆ ಅಭ್ಯಾಸ ಮಾಡುವವರಿದ್ದಾರೆ. ಓದುವಾಗ ಉಚ್ಚಾರ ತಪ್ಪಿದರೆ ಪಕ್ಕದಲ್ಲಿ ನಿಂತ ಗಬ್ಬಾಯ್ ತಿದ್ದುತ್ತಾರೆ, ಓದುವವರು ಹಿಂದಕ್ಕೆ ಹೋಗಿ ಸರಿಯಾಗಿ ಹೇಳಿ ಮುಂದುವರಿಯುತ್ತಾರೆ. ತೋರಾ 54 ಭಾಗಗಳಾಗಿದ್ದು, ವರ್ಷಕ್ಕೊಮ್ಮೆ ಓದಿ ಮುಗಿಸಿದ ದಿನವೇ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಸಂಬಳಕ್ಕೆ ಓದುವವರಿಲ್ಲದ ಸಭೆಯಲ್ಲಿ ವಾರ ವಾರವೂ ಯಾರೋ ಒಬ್ಬರು ಹೊಸದಾಗಿ ಕಲಿಯುತ್ತಲೇ ಇರಬೇಕು.

ಪ್ರಾರ್ಥನೆ ಮುಗಿದ ಮೇಲೆ ಊಟ. ಒಬ್ಬೊಬ್ಬರು ಒಂದೊಂದು ಬಗೆ ತಂದು ಹಂಚಿಕೊಂಡು ಉಣ್ಣುವ ಪದ್ಧತಿ. ಇಲ್ಲಿಯೂ ಮಡಿಯ ಪ್ರಶ್ನೆ ಬರುತ್ತದೆ. ಯೆಹೂದಿಗಳ ಆಹಾರ ನಿಯಮಗಳನ್ನು ಕೆಲವರು ಕಟ್ಟುನಿಟ್ಟಾಗಿ ಪಾಲಿಸುವರು, ಕೆಲವರು ಸಡಿಲವಾಗಿ. ಒಬ್ಬರ ಅಡಿಗೆಮನೆಯಲ್ಲಿ ಬೆಂದದ್ದು ಮತ್ತೊಬ್ಬರಿಗೆ ಸಲ್ಲದು. ಹಾಗೆಂದು ಯಾರನ್ನೂ ತರಬೇಡಿ ಎನ್ನುವುದೆಂತು? ಕೆಲವು ಸಭೆಗಳು ಇದಕ್ಕೆ ಎರಡು ಮೇಜುಗಳ ಉಪಾಯ ಕಂಡುಕೊಂಡಿವೆ. ಒಂದರ ಮೇಲೆ ಶಾಸ್ತ್ರೋಕ್ತವೆಂದು ಪ್ರಮಾಣೀಕೃತವಾದ ಆಹಾರ, ಇನ್ನೊಂದರ ಮೇಲೆ ಯಾವ ಮನೆಯಿಂದಲಾದರೂ ಬಂದ ಸಸ್ಯಾಹಾರ. ಯಾರ ನೇಮವೂ ಕೆಡಲಿಲ್ಲ, ಯಾರ ಪಾತ್ರೆಯೂ ತಿರುಗಿ ಹೋಗಲಿಲ್ಲ. ಪಂಕ್ತಿಭೇದದ ಕಹಿಯನ್ನು ಕಂಡಿರುವ ನಮಗೆ ಇದು ಯೋಚಿಸತಕ್ಕ ವಿಷಯ. ಊಟದ ನಂತರ ಪಾತ್ರೆ ತೊಳೆಯುವವರ ಸರದಿಯೂ ಉಂಟು. ಸಮಾನತೆ ನಿಜವಾಗಿಯೂ ನೆಲೆಯೂರಿದೆಯೇ ಎಂಬುದು ವೇದಿಕೆಯ ಬಳಿಗಿಂತ ಬಚ್ಚಲ ಬಳಿ ಬೇಗ ತಿಳಿಯುತ್ತದೆಂದು ನಮ್ಮ ಅಭಿಪ್ರಾಯ.

ಈಗ ಎಣಿಕೆಯ ಮಾತಿಗೆ ಬರೋಣ. ಹೆಂಗಸರನ್ನು ಹತ್ತರಲ್ಲಿ ಲೆಕ್ಕಕ್ಕೆ ಹಿಡಿಯಬೇಕೇ ಎಂಬ ಪ್ರಶ್ನೆಯ ಹಿಂದೆ ಕಣ್ಣೀರಿನ ಚರಿತ್ರೆಯೇ ಇದೆ. ಶಾಸ್ತ್ರಕಾರರು ಹೆಂಗಸರಿಗೆ ಗೃಹಕೃತ್ಯದ ಕಾರಣದಿಂದಲೋ ಮತ್ತಾವ ಕಾರಣದಿಂದಲೋ, ಕಾಲಕ್ಕೆ ಕಟ್ಟುಬಿದ್ದ ಅನೇಕ ವಿಧಿಗಳಿಂದ ವಿನಾಯಿತಿ ಕೊಟ್ಟಿದ್ದರು. ಯಾರಿಗೆ ಕರ್ತವ್ಯದ ಕಟ್ಟಿಲ್ಲವೋ ಅವರು ಎಣಿಕೆಗೂ ಇಲ್ಲ ಎಂಬುದು ವಾದ. ತೋರಾ ಓದುವ ಏಳು ಮಂದಿಯಲ್ಲಿ ಹೆಣ್ಣೂ ಸೇರಬಹುದು, ಆದರೆ ಸಭೆಯ ಗೌರವದ ದೃಷ್ಟಿಯಿಂದ ಬೇಡ ಎಂದು ತಾಲ್ಮೂದ್ ಗ್ರಂಥದಲ್ಲಿ ಒಂದು ಮಾತಿದೆ. ಸಭೆಯ ಗೌರವವೆಂದರೆ ಏನು, ಆ ಸಭೆಯಲ್ಲಿ ಹೆಂಗಸರು ಇಲ್ಲವೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಅಮೆರಿಕದ ಹೆನ್ರಿಯೆಟ್ಟಾ ಸೋಲ್ಡ್ ಎಂಬ ಮಹಿಳೆ 1912ರಲ್ಲಿ ಹದಸ್ಸಾ ಎಂಬ ದೊಡ್ಡ ಸೇವಾಸಂಸ್ಥೆಯನ್ನು ಕಟ್ಟಿದವರು. ಅವರ ತಂದೆತಾಯಿಗೆ ಎಂಟು ಹೆಣ್ಣುಮಕ್ಕಳು, ಗಂಡು ಸಂತಾನವಿಲ್ಲ. 1916ರಲ್ಲಿ ತಾಯಿ ತೀರಿಕೊಂಡಾಗ ಕುಟುಂಬದ ಗೆಳೆಯರೊಬ್ಬರು, ಮಗನಿಲ್ಲದ ಮನೆಯಾದ್ದರಿಂದ ತಾವೇ ಕದ್ದೀಶ್ ಹೇಳುವುದಾಗಿ ಮುಂದೆ ಬಂದರು. ಸೋಲ್ಡ್ ಅವರು ಕೃತಜ್ಞತೆಯಿಂದಲೇ ಅದನ್ನು ನಿರಾಕರಿಸಿ ಪತ್ರ ಬರೆದರು. ತಂದೆ ಸತ್ತಾಗಲೂ ತಾಯಿ ಆ ಸ್ಥಾನವನ್ನು ಪರರಿಗೆ ಬಿಟ್ಟುಕೊಡಲಿಲ್ಲವೆಂದೂ, ಹೆಣ್ಣುಮಕ್ಕಳು ಮಾಡಬೇಕಾದ ಕೆಲಸವನ್ನು ಹೆಣ್ಣುಮಕ್ಕಳೇ ಮಾಡಬೇಕೆಂದೂ ಅದರ ಸಾರಾಂಶ. ಮಗನಿಲ್ಲದ ಮನೆಯಲ್ಲಿ ಕೊಳ್ಳಿ ಇಡುವವರಾರು ಎಂಬ ಪ್ರಶ್ನೆಯನ್ನು ಕೇಳಿಸಿಕೊಂಡ ನಮ್ಮ ಹೆಣ್ಣುಮಕ್ಕಳಿಗೆ ಆ ಪತ್ರದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಮುಂದೆ 1922ರ ಮಾರ್ಚ್ 18ರಂದು ನ್ಯೂಯಾರ್ಕಿನಲ್ಲಿ ರಬ್ಬಿ ಮೊರ್ದೆಕೈ ಕಪ್ಲಾನ್ ತಮ್ಮ ಮಗಳು ಜೂಡಿತಳನ್ನು ಸಭೆಯ ಮುಂದೆ ನಿಲ್ಲಿಸಿ ತೋರಾದ ಪಾಠ ಓದಿಸಿದರು. ಗಂಡುಮಕ್ಕಳಿಗೆ ಹದಿಮೂರನೆಯ ವಯಸ್ಸಿನಲ್ಲಿ ನಡೆಯುವ ಸಂಸ್ಕಾರವು ಅಮೆರಿಕದಲ್ಲಿ ಹೆಣ್ಣುಮಗುವಿಗೂ ದೊರೆತದ್ದು ಹಾಗೆ. ಆದರೆ ಆ ಹುಡುಗಿ ಓದಿದ್ದು ಸುರುಳಿಯಿಂದಲ್ಲ, ಸ್ವಲ್ಪ ದೂರದಲ್ಲಿ ನಿಂತು ಅಚ್ಚಿನ ಪುಸ್ತಕದಿಂದ. ಆ ಅಂತರವನ್ನು ದಾಟಲು ಮತ್ತೆ ಐವತ್ತು ವರ್ಷ ಹಿಡಿಯಿತು. 1972ರಲ್ಲಿ ಎಜ್ರಾತ್ ನಾಶಿಮ್ ಎಂಬ ತರುಣಿಯರ ಗುಂಪು, ಕನ್ಸರ್ವೇಟಿವ್ ಪಂಥದ ರಬ್ಬಿಗಳ ಸಮಾವೇಶಕ್ಕೆ ಹೋಗಿ ತಮ್ಮ ಬೇಡಿಕೆಗಳನ್ನು ಮುಂದಿಟ್ಟಿತು. ನ್ಯೂಯಾರ್ಕಿನ ಹವುರಾ ಕೂಟದ ಆಶ್ರಯದಲ್ಲಿ ಅಧ್ಯಯನಕ್ಕೆಂದು ಸೇರಿದ್ದವರು ಇವರು. ನಮ್ಮನ್ನು ಎಣಿಕೆಗೆ ಸೇರಿಸಿ, ಸಾಕ್ಷಿಯಾಗಿ ಒಪ್ಪಿ, ರಬ್ಬಿಯಾಗಲು ಬಿಡಿ ಎಂಬ ಬೇಡಿಕೆಗಳ ಜೊತೆಯಲ್ಲಿ ಮತ್ತೊಂದಿತ್ತು: ಗಂಡಸರಿಗಿರುವ ಎಲ್ಲ ಧಾರ್ಮಿಕ ಕರ್ತವ್ಯಗಳೂ ನಮಗೂ ಕಡ್ಡಾಯವೆಂದು ತಿಳಿಯಿರಿ.

ಇದನ್ನು ವಾಚಕರು ಗಮನಿಸಬೇಕು. ಹಕ್ಕು ಕೇಳುವವರು ಸಾಮಾನ್ಯವಾಗಿ ಹೊರೆ ಕೇಳುವುದಿಲ್ಲ. ಈ ಹೆಣ್ಣುಮಕ್ಕಳು ತಮಗಿದ್ದ ವಿನಾಯಿತಿಯನ್ನು ಬಿಟ್ಟುಕೊಡುತ್ತೇವೆ ಎಂದರು. ಬರಬಹುದು ಎನ್ನಿಸಿಕೊಂಡರೆ ಸಾಲದು, ಬರಲೇಬೇಕು ಎನ್ನಿಸಿಕೊಂಡಾಗಲೇ ತಮ್ಮ ಸ್ಥಾನ ಸ್ಥಿರ ಎಂಬುದು ಅವರಿಗೆ ತಿಳಿದಿತ್ತು. ಮರುವರ್ಷ, ಎಂದರೆ 1973ರಲ್ಲಿ, ಆ ಪಂಥದ ಶಾಸ್ತ್ರಸಮಿತಿಯು ಹೆಂಗಸರನ್ನು ಮಿನ್ಯಾನಿನಲ್ಲಿ ಎಣಿಸಲು ಸಭೆಗಳಿಗೆ ಅನುಮತಿ ಕೊಟ್ಟಿತು. 1985ರಲ್ಲಿ ಏಮಿ ಐಲ್‌ಬರ್ಗ್ ಆ ಪಂಥದ ಮೊದಲ ಮಹಿಳಾ ರಬ್ಬಿಯಾದರು.

ಆರ್ಥೊಡಾಕ್ಸ್ ಸಂಪ್ರದಾಯದವರು ಈ ಎಣಿಕೆಯನ್ನು ಇಂದಿಗೂ ಒಪ್ಪುವುದಿಲ್ಲ. ಆದರೆ ಅವರಲ್ಲಿಯೂ ಮಧ್ಯದ ದಾರಿ ಹುಡುಕಿದವರಿದ್ದಾರೆ. 2002ರಲ್ಲಿ ಜೆರುಸಲೇಮಿನಲ್ಲಿ ಆರಂಭವಾದ ಶಿರಾ ಹದಾಶಾ ಎಂಬ ಸಭೆಯಲ್ಲಿ ಗಂಡಸರೂ ಹೆಂಗಸರೂ ನಡುವೆ ಪರದೆಯಿಟ್ಟು ಬೇರೆ ಬೇರೆ ಕುಳಿತುಕೊಳ್ಳುತ್ತಾರೆ. ತೋರಾ ಓದುವುದರಲ್ಲಿ, ಪ್ರಾರ್ಥನೆಯ ಕೆಲವು ಭಾಗಗಳನ್ನು ನಡೆಸುವುದರಲ್ಲಿ ಹೆಂಗಸರಿಗೂ ಪಾಲು ಇದೆ. ಹತ್ತು ಗಂಡಸರು ಸೇರಿದರೆ ಶಾಸ್ತ್ರಕ್ಕೆ ಸಾಕು. ಆದರೂ ಹತ್ತು ಹೆಂಗಸರೂ ಬಂದು ಸೇರುವ ತನಕ ಸಭೆ ಕಾಯುತ್ತದೆ. ಲೆಕ್ಕ ತುಂಬಿದ್ದರೂ ನಿಮಗಾಗಿ ಕಾದಿದ್ದೇವೆ ಎಂದು ಹೇಳುವ ಈ ಕ್ರಮದಲ್ಲಿ ಒಂದು ದೊಡ್ಡ ಸೌಜನ್ಯವಿದೆ.

ಮಿನ್ಯಾನಿನ ನಿಜವಾದ ಪರೀಕ್ಷೆ ಹಬ್ಬದ ದಿನವಲ್ಲ, ಸಾವಿನ ಮನೆಯಲ್ಲಿ. ಹತ್ತಿರದವರು ಸತ್ತರೆ ಯೆಹೂದಿಗಳಿಗೆ ಏಳು ದಿನದ ಸೂತಕ. ದುಃಖಿಗಳು ಮನೆಯಲ್ಲಿಯೇ ತಗ್ಗಾದ ಆಸನದ ಮೇಲೆ ಕುಳಿತಿರುತ್ತಾರೆ, ಊರಿನವರು ಊಟ ತರುತ್ತಾರೆ. ಅವರು ಕದ್ದೀಶ್ ಹೇಳುವಂತಾಗಲು ಹತ್ತು ಜನ ಆ ಮನೆಗೇ ಹೋಗಬೇಕು. ತಂದೆತಾಯಿಗಳಿಗಾಗಿ ಹನ್ನೊಂದು ತಿಂಗಳು ಕದ್ದೀಶ್ ಹೇಳುವ ವಾಡಿಕೆ. ವಿಚಿತ್ರವೆಂದರೆ ಆ ಪಾಠದಲ್ಲಿ ಸಾವಿನ ಹೆಸರೇ ಇಲ್ಲ. ಇಡೀ ಪಾಠವೇ ದೇವರ ಸ್ತುತಿ, ನಡುನಡುವೆ ಸಭೆಯ 'ಆಮೆನ್'. ಆ ಉತ್ತರ ಕೊಡುವವರಿಲ್ಲದಿದ್ದರೆ ದುಃಖಿಯ ಬಾಯಿ ಕಟ್ಟಿದಂತೆಯೇ. ಕಾರ್ತೀಕ ಮಾಸದ ಚಳಿಗಿಂತ ಎಷ್ಟೋ ಪಾಲು ಕೊರೆಯುವ ಆ ದೇಶದ ಚಳಿಯಲ್ಲಿ, ಬೆಳಗಿನ ಜಾವ, ತಾನು ಅಷ್ಟಾಗಿ ಅರಿಯದ ಒಬ್ಬರ ತಾಯಿಗಾಗಿ ಎದ್ದು ಹೊರಡುವ ಹತ್ತನೆಯ ವ್ಯಕ್ತಿಯ ಸೇವೆಗೆ ಬೆಲೆ ಕಟ್ಟುವುದು ಕಷ್ಟ. ಆ ವ್ಯಕ್ತಿ ಹೆಂಗಸೋ ಗಂಡಸೋ ಎಂದು ಆ ಹೊತ್ತಿನಲ್ಲಿ ಕೇಳುವುದುಂಟೇ ಎಂಬುದೇ ಸಮಾನತೆಯನ್ನು ಒಪ್ಪಿದ ಸಭೆಗಳ ಪ್ರಶ್ನೆ.

ಹೆಣಕ್ಕೆ ಸ್ನಾನ ಮಾಡಿಸಿ ಬಿಳಿಯ ಬಟ್ಟೆ ಉಡಿಸುವ ಕೆಲಸವೂ ಅವರಲ್ಲಿ ಪರಂಪರೆಯಿಂದ ಸ್ವಯಂಸೇವಕರದೇ. ಹೆಂಗಸಿಗೆ ಹೆಂಗಸರು, ಗಂಡಸಿಗೆ ಗಂಡಸರು ಅದನ್ನು ಮೌನವಾಗಿ ಮಾಡುತ್ತಾರೆ. ಉಪಕಾರಗಳಲ್ಲೆಲ್ಲ ಇದೇ ನಿಜವಾದ ಉಪಕಾರ, ಏಕೆಂದರೆ ಸತ್ತವರು ಅದನ್ನು ತಿರುಗಿ ತೀರಿಸಲಾರರು ಎಂದು ಅವರ ಹಿರಿಯರು ಹೇಳಿದ್ದಾರೆ.

ಇಷ್ಟು ಹೇಳಿದ ಮೇಲೆ ತೊಡಕುಗಳನ್ನೂ ಹೇಳದಿದ್ದರೆ ವಾಚಕರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಎಲ್ಲರೂ ಮಾಡಬೇಕಾದ ಕೆಲಸ ಕೊನೆಗೆ ನಾಲ್ಕೈದು ಜನರ ಹೆಗಲಿಗೇ ಬೀಳುವುದು ಲೋಕಾರೂಢಿ, ಇವರೂ ಅದಕ್ಕೆ ಹೊರತಲ್ಲ. ಅವರು ದಣಿದರೆ ಸಭೆಯೂ ದಣಿಯುತ್ತದೆ. ಹೊಸ ಸಭೆಗಳಲ್ಲಿ ಬಹುಮಂದಿ ಇಪ್ಪತ್ತು ಮೂವತ್ತರ ಪ್ರಾಯದ ವಿದ್ಯಾವಂತರು. ನೌಕರಿ ಬದಲಾದರೆ ಊರು ಬಿಡುತ್ತಾರೆ, ಮಕ್ಕಳಾದರೆ ಮನೆ ಹಿಡಿಯುತ್ತಾರೆ. ಹೀಬ್ರೂ ಬಾರದವನು ಇಂಥಲ್ಲಿ ಹಿಂದಿನ ಸಾಲಿನಲ್ಲಿ ಮುದುಡಿ ಕೂಡುವ ಸಂಭವವೂ ಉಂಟು, ಸಮಾನತೆಯ ಸಭೆಯಲ್ಲಿ ಬಲ್ಲವರು ಬಾರದವರು ಎಂಬ ಹೊಸ ಅಂತರ ಹುಟ್ಟುತ್ತದೆ. ಹುರುಪಿನ ತರುಣರೆಲ್ಲ ಹೀಗೆ ಬೇರೆ ಕೂಡಿದರೆ ಮುದುಕರು ಉಳಿದ ಹಳೆಯ ಸಿನಗಾಗುಗಳ ಗತಿಯೇನು ಎಂಬ ಆಕ್ಷೇಪಣೆಯಲ್ಲಿಯೂ ಹುರುಳಿದೆ. ಇದನ್ನರಿತೇ ಹದಾರ್ ಸಭೆಯ ಹಿನ್ನೆಲೆಯಲ್ಲಿ 2006ರಲ್ಲಿ ಒಂದು ವಿದ್ಯಾಸಂಸ್ಥೆ ಏರ್ಪಟ್ಟಿತು. ಕಲಿಸದೆ ಸಮಾನತೆ ಬಾರದು ಎಂಬುದು ಅದರ ತಾತ್ಪರ್ಯ.

2020ರ ಮಹಾಮಾರಿಯಂತೂ ಎಣಿಕೆಯ ಬುಡವನ್ನೇ ಅಲುಗಿಸಿತು. ಹತ್ತು ಜನ ಒಂದು ಕೋಣೆಯಲ್ಲಿ ಕೂಡುವುದೇ ಅಪಾಯವಾದಾಗ, ಪರದೆಯ ಮೇಲೆ ಕಾಣುವ ಹತ್ತು ಮುಖಗಳನ್ನು ಸಭೆಯೆನ್ನಬಹುದೇ? ಕೆಲವು ಪಂಥದವರು ಆಪದ್ಧರ್ಮವೆಂದು ಒಪ್ಪಿದರು. ಆರ್ಥೊಡಾಕ್ಸರು ಒಪ್ಪಲಿಲ್ಲ, ಅಂಗಳಗಳಲ್ಲಿ ದೂರ ದೂರ ನಿಂತು ಲೆಕ್ಕ ತುಂಬಿಸಿದವರೂ ಇದ್ದರು. ಒಪ್ಪಿದವರಿಗೂ ಒಪ್ಪದವರಿಗೂ ಒಂದು ವಿಷಯ ಮಾತ್ರ ಸ್ಪಷ್ಟವಾಯಿತು. ಮನುಷ್ಯನ ಹತ್ತಿರ ಮನುಷ್ಯನು ಬಂದು ನಿಲ್ಲುವುದು ಎಷ್ಟು ದೊಡ್ಡ ಕೊಡುಗೆ ಎಂಬುದು ಅದು ತಪ್ಪಿದಾಗಲೇ ತಿಳಿಯಿತು.

ಹೊರನಾಡಿನಲ್ಲಿ ಒಂದು ನುಡಿಯನ್ನೋ ಒಂದು ನೇಮವನ್ನೋ ಉಳಿಸಿಕೊಂಡು ಬಂದ ಕುಟುಂಬಗಳು ಇದನ್ನು ಓದುವಾಗ ತಮ್ಮ ಊರಿನ ಭಜನಾಮಂದಿರವನ್ನೋ ವಾಚನಾಲಯವನ್ನೋ ನೆನೆದಾರು. ಅಲ್ಲಿ ಬೀಗದ ಕೈ ಯಾರ ಬಳಿ ಇದೆ, ಚಾಪೆ ಹಾಸುವವರು ಯಾರು, ಹಾಡಲು ಕಲಿಯುತ್ತಿರುವ ಮಕ್ಕಳು ಎಷ್ಟು ಎಂಬುದನ್ನು ಅವರವರೇ ಬಲ್ಲರು. ಎಣಿಕೆಗೆ ಸೇರುವುದೆಂದರೆ ಮರ್ಯಾದೆ ಪಡೆಯುವುದಷ್ಟೇ ಅಲ್ಲ, ಕರೆದಾಗ ಎದ್ದು ಹೋಗುವ ಋಣಕ್ಕೆ ಒಳಗಾಗುವುದೂ ಹೌದು ಎಂಬುದನ್ನು ಆ ತರುಣಿಯರು 1972ರಲ್ಲಿ ಕಂಡುಕೊಂಡಿದ್ದರು. ಹತ್ತು ಜನರಲ್ಲಿ ಇಂಥವರೇ ಹತ್ತನೆಯವರು ಎಂದು ಯಾರ ಹಣೆಯ ಮೇಲೂ ಬರೆದಿರುವುದಿಲ್ಲ. ಒಂಬತ್ತು ಪದ ಹೇಳಿ ಸಾಲು ನಿಂತಿರುವಾಗ ಬಾಗಿಲು ತೆರೆದು ಒಳಗೆ ಬಂದವರೇ ಆ ದಿನಕ್ಕೆ ಹತ್ತನೆಯವರು.